ರೋಪ್ನಿ ಕಾಲು ನಿಲ್ಲಿಸಿದ್ದು

ಗುಡ್ಡದ ಮೇಲಿನ ಕುಜ್ರಿಪಾಟ್ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಪಾದ ನೋಡುತ್ತಿದ್ದರು, ಮುಖ ಆಮೇಲೆ. ರೋಪ್ನಿಯನ್ನು ನೋಡಲು ಬಂದ ದಿನ ಅವಳ ಅತ್ತೆಯಾಗಲಿದ್ದ ಸಾಂಝೋ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಕುಂಬಳಕಾಯಿ ಬಲಿತಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಹುಡುಗಿಯ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಅಗಲ ಇದೆ, ನಡೀತದೆ" ಎಂದಳು. ಮದುವೆ ಗಟ್ಟಿಯಾಯಿತು. ಕಲ್ಲು ಕರಗಿಸಿ ಕಬ್ಬಿಣ ತೆಗೆಯುವ ಅಸುರರೆಂಬ ಆ ಕುಲದವರ ಮನೆಗೆ ಸೊಸೆ ಬೇಕಾಗುವುದು ಕುಲುಮೆಗೆ ಗಾಳಿ ಊದುವ ತಿದಿ ತುಳಿಯಲು. ಚೆಂದದ ಕಣ್ಣುಗಳಿಂದ ಕಲ್ಲು ಕರಗುವುದಿಲ್ಲ ಎಂಬುದು ಆ ಊರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

ಕುಲುಮೆಯೇನೂ ದೊಡ್ಡದಲ್ಲ. ಎದೆಮಟ್ಟದ ಮಣ್ಣಿನ ಗೂಡು. ಮೇಲಿನಿಂದ ಒಂದು ಬುಟ್ಟಿ ಇದ್ದಿಲು, ಒಂದು ಮೊರ ಅದಿರು ಎಂದು ಸುರಿಯುತ್ತಾ ಹೋಗಬೇಕು. ಬುಡದಲ್ಲಿ ಮುಂದುಗಡೆ ಒಂದು ಬಾಯಿ. ಅದರಲ್ಲಿ ಕೋಳಿ ನುಸುಳೀತು, ನಾಯಿ ನುಸುಳಲಾರದು. ಗಂಡಸು ಆ ಬಾಯಿಯ ಮುಂದೆ ಕೂತು ಬೆಂಕಿಯ ಬಣ್ಣ ನೋಡುತ್ತಾನೆ, ಕರಗಿದ ಕಸವಾದ ಕಿಟ್ಟವನ್ನು ಹೊರಗೆ ಹರಿಸುತ್ತಾನೆ. ಹೆಂಗಸು ಹಿಂದುಗಡೆ ಜೋಡಿ ತಿದಿಗಳ ಮೇಲೆ ನಿಂತು, ಬಿದಿರಿನ ಗೂಟ ಹಿಡಿದು, ಎಡಗಾಲು ಬಲಗಾಲು ಎಂದು ತುಳಿಯುತ್ತಾಳೆ. ಅವಳಿಗೆ ಕಾವು ತಾಗದಿರಲೆಂದು ನಡುವೆ ಮಣ್ಣು ಮೆತ್ತಿದ ತಟ್ಟಿ ಕಟ್ಟಿರುತ್ತಾರೆ. ಹಾಗಾಗಿ ತುಳಿಯುವವಳಿಗೆ ಗಂಡ ಕಾಣುವುದಿಲ್ಲ, ಕೇಳಿಸುತ್ತಾನೆ ಅಷ್ಟೆ.

ಅದಕ್ಕೇ ಆ ಊರಿನಲ್ಲಿ ಒಂದು ಕಟ್ಟಳೆ. ತುಳಿಯುವವಳು ಆಗಾಗ "ಇದ್ದೀಯಾ?" ಎಂದು ಕೂಗಬೇಕು. ಗಂಡ ತಟ್ಟಿಯ ಆಚೆಯಿಂದ "ಇದ್ದೀನಿ, ತುಳಿ" ಎನ್ನಬೇಕು. ಉತ್ತರ ಬರದಿದ್ದರೆ ಕಾಲು ನಿಲ್ಲಿಸಬೇಕು. ಗಾಳಿ ನಿಂತರೆ ಒಳಗಿನ ಕಬ್ಬಿಣ ಕೆಡುತ್ತದೆ, ಹಗಲಿಡೀ ಪಟ್ಟ ಪಾಡು ಮಣ್ಣುಪಾಲಾಗುತ್ತದೆ. ಆದರೂ ನಿಲ್ಲಿಸಬೇಕು.

ಯಾಕೆ ಎಂದು ರೋಪ್ನಿ ಮೊದಲ ದಿನವೇ ಕೇಳಿದಳು. ಸಾಂಝೋ ಅವಳ ಅಂಗಾಲಿಗೆ ಎಣ್ಣೆ ತಿಕ್ಕುತ್ತಾ ಹೇಳಿದಳು.

"ನಮ್ಮ ಹಿಂದಿನೋರ ಕಾಲದಲ್ಲಿ ಒಬ್ಬ ಹುಡುಗ ಬಂದ. ಮೈತುಂಬ ಕಜ್ಜಿ. ಕುಲುಮೆಯೊಳಗೆ ಹೋಗಿ ಕೂತ್ಕೊಂಡು ತುಳೀರಿ ಅಂದ. ತುಳಿದ್ರು. ಈಚೆ ಬಂದಾಗ ಮೈಯೆಲ್ಲ ಬಂಗಾರ. ಒಳಗೆ ಬೇಕಾದಷ್ಟಿದೆ ಅಂದ. ನಮ್ಮ ಗಂಡಸರು ಹಿಂದೆಮುಂದೆ ನೋಡ್ಲಿಲ್ಲ, ಎಲ್ರೂ ಒಳಗೆ ಹೋದ್ರು. ಹೆಂಗಸರು ತುಳಿದ್ರು. ಒಳಗಿಂದ ಕೂಗಾಟ. ಏನದು ಅಂತ ಕೇಳಿದ್ರೆ ಆ ಹುಡುಗ, ಪಾಲಿಗೆ ಜಗಳ ಆಡ್ತಿದಾರೆ, ಬಿಡ್ಬೇಡಿ ಅಂದ. ಬುಡದಲ್ಲಿ ಕೆಂಪಗೆ ಹರೀತು. ಏನದು ಅಂದ್ರೆ, ಎಲೆ ಅಡಿಕೆ ಹಾಕ್ಕೊಂಡು ಉಗೀತಿದಾರೆ ಅಂದ. ತುಳಿದೇ ತುಳಿದ್ರು. ಕೊನೆಗೆ ಒಡೆದು ನೋಡಿದ್ರೆ ಬರೀ ಮೂಳೆ."

"ಯಾರು ಆ ಹುಡುಗ?"

"ಯಾರು ಅಂದ್ರೆ, ದೇವರು."

"ದೇವರಿಗೆ ನಮ್ಮ ಮೇಲೆ ಏನು ಸಿಟ್ಟು?"

"ನಮ್ಮ ಹೊಗೆ ಅವನ ಕಣ್ಣಿಗೆ ಹೋಗ್ತಿತ್ತಂತೆ. ಕೆಳಗಿನ ಊರೋರು ಈ ಕತೇನ ನಗ್ತಾ ಹೇಳ್ತಾರೆ. ಅವರ ಮನೆ ಗಂಡಸರಾ ಬೆಂದಿದ್ದು, ನಗದೆ ಏನು."

"ಮತ್ತೆ ಆ ಹೆಂಗಸರು?"

ಸಾಂಝೋ ಎಣ್ಣೆಯ ಕೈಯನ್ನು ತಲೆಗೂದಲಿಗೆ ಒರೆಸಿಕೊಂಡಳು. "ಇಲ್ಲೇ ಇದಾರೆ. ಗುಡ್ಡಕ್ಕೊಬ್ಬಳು, ಹಳ್ಳಕ್ಕೊಬ್ಬಳು ಅಲೀತಿದಾರೆ. ಅವರಿಗೆ ಸಾವಿಲ್ಲ. ಇನ್ನೊಬ್ಬಳ ಸುಖ ಕಂಡ್ರೆ ಆಗಲ್ಲ ಅವರಿಗೆ" ಎಂದಳು.

ಬೇರೆ ಸೊಸೆಯರೂ ಇದೇ ಕತೆ ಕೇಳಿದ್ದರು, ಕೇಳಿ ಮರೆತಿದ್ದರು. ರೋಪ್ನಿ ಮರೆಯಲಿಲ್ಲ. ಅವಳಿಗೆ ಬದುಕಿನಲ್ಲಿ ಅಂಟಿಕೊಂಡ ಭಯ ಅದೊಂದೇ: ತನ್ನ ಕಾಲೇ ತನ್ನ ಗಂಡನನ್ನು ಸುಟ್ಟುಬಿಟ್ಟರೆ?

ಗಂಡ ಚೈತು ಮಾತಿನ ಮಲ್ಲ. ಸುಮ್ಮನೆ ಉತ್ತರ ಕೊಟ್ಟರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. "ಇದ್ದೀಯಾ?" ಎಂದರೆ "ಇಲ್ಲ, ಸಂತೆಗೆ ಹೋಗಿದೀನಿ, ನಿನಗೆ ಬಳೆ ತರಲಾ?" ಎನ್ನುವನು. "ನಿನ್ನ ನಾಲಿಗೆಗೆ ಕಿಟ್ಟ ಸುರೀಲಿ, ಸರಿಯಾಗಿ ಹೇಳು" ಎಂದು ಇವಳು ಬೈದ ಮೇಲೆ "ಇದ್ದೀನಿ ಮಾರಾಯ್ತಿ, ತುಳಿ" ಎನ್ನುವನು. ಬೈದರೂ ಅವಳಿಗೆ ಒಳಗೊಳಗೇ ಖುಷಿ. ತಟ್ಟಿಯ ಆಚೆ ಹೀಗೆ ಕೀಟಲೆ ಮಾಡುವವನು ತನ್ನ ಗಂಡನಲ್ಲದೆ ಬೇರೆ ಯಾರೂ ಇರಲಾರರು ಎಂಬ ಧೈರ್ಯ.

ಕೆಲಸ ಬಂದಂತೆ ಅವಳ ಪಾದಕ್ಕೆ ಕಿವಿ ಬಂತು. ಒಳಗೆ ಕಬ್ಬಿಣ ಕೂಡುತ್ತಾ ಬಂದರೆ ತಿದಿ ಭಾರವಾಗುತ್ತದೆ, ಗಾಳಿ ಹೋಗಲು ತಿಣುಕುತ್ತದೆ. "ಬಂತು, ಇನ್ನೊಂದು ಸ್ವಲ್ಪ ಹೊತ್ತು" ಎಂದು ಹಿಂದಿನಿಂದ ಅವಳೇ ಹೇಳುವಳು. ಚೈತು ಬಾಯಿ ಒಡೆದು ಇಕ್ಕಳ ಹಾಕಿದರೆ, ಕೆಂಪಗೆ ಉಸಿರಾಡುವ ಮುದ್ದೆ ಅಲ್ಲೇ ಕೂತಿರುತ್ತಿತ್ತು.

ಚೈತುವಿಗೆ ಲೋಹಗಳ ಸ್ವಭಾವ ಹೇಳುವುದೆಂದರೆ ಅಕ್ಕಪಕ್ಕದವರ ಚಾಡಿ ಹೇಳಿದಷ್ಟು ಇಷ್ಟ. ಸಂಜೆ ಅಕ್ಕಿಯ ಹೆಂಡ ಹಂಡಿಯಾ ಕುಡಿದು ಕಾಲು ಚಾಚಿ ಶುರು ಮಾಡುವನು. "ಕಲ್ಲಿನೊಳಗೆ ಲೋಹ ಒಬ್ಬನೇ ಕೂತಿರಲ್ಲ, ರೋಪ್ನಿ. ಒಂದು ಉಸಿರನ್ನ ತಬ್ಕೊಂಡು ಕೂತಿರ್ತಾನೆ. ಇದ್ದಿಲು ಹೋಗಿ ಅದನ್ನ ಕಿತ್ಕೊಂಡ್ರೆ ಲೋಹ ಕೈಗೆ ಸಿಗ್ತಾನೆ. ಬಂಗಾರ ಸನ್ಯಾಸಿ, ಯಾರನ್ನೂ ತಬ್ಬಲ್ಲ. ತಾಮ್ರದ್ದು ಸಡಿಲ ಕೈ. ನಾನು ಸಿಂಗಭೂಮಿಯ ಗುಡ್ಡದಲ್ಲಿ ನೋಡಿದೀನಿ, ಹಸಿರು ಕಲ್ಲಿಗೆ ಬಿಸಿ ತಾಗಿಸಿದ್ರೆ ಸಾಕು, ಬಿಟ್ಕೊಟ್ಬಿಡ್ತಾನೆ. ನಮ್ಮ ಕಬ್ಬಿಣ ಹಟಮಾರಿ. ಹಗಲೆಲ್ಲ ಎಳೆದಾಡ್ಬೇಕು. ಬಿಡಿಸಿದ ಮೇಲೂ ಬುದ್ಧಿ ಬರಲ್ಲ, ಮಳೇಲಿ ಬಿಟ್ರೆ ಮತ್ತೆ ಅದನ್ನೇ ತಬ್ಕೊಂಡು ತುಕ್ಕಾಗ್ತಾನೆ."

"ಥೇಟ್ ನಿನ್ನ ಹಾಗೆ" ಎನ್ನುವಳು ರೋಪ್ನಿ.

ಆಮೇಲೆ ಗುಡ್ಡದ ಮೇಲೆ ಗಣಿ ಬಂತು. ಲಾರಿಗಳು ಬಂದವು. ಅವರು ಅಗೆದದ್ದು ಅಸುರರ ಕಬ್ಬಿಣದ ಕಲ್ಲನ್ನಲ್ಲ, ಅದರ ಪಕ್ಕದಲ್ಲೇ ಸುಮ್ಮನೆ ಬಿದ್ದಿದ್ದ, ತಲೆತಲಾಂತರದಿಂದ ಯಾರೂ ಮೂಸಿ ನೋಡದ ಚುಕ್ಕೆ ಚುಕ್ಕೆ ಗುಲಾಬಿ ಕಲ್ಲನ್ನು. ಅದರಿಂದಲೇ ಸಂತೆಯ ಬಿಳಿ ಅಲ್ಯೂಮಿನಿಯಂ ಪಾತ್ರೆಗಳು ಬರುವುದು ಎಂದು ಗಣಿಯವರು ಹೇಳಿದಾಗ ಚೈತು ನಂಬಲಿಲ್ಲ. ಗಣಿಯ ಲೆಕ್ಕ ಬರೆಯುವ ಮುನ್ಶಿ ನಕ್ಕ. "ಚೈತು, ಇದು ನಿನ್ನ ಇದ್ದಿಲಿಗೆ ಬಗ್ಗೋದಲ್ಲಪ್ಪ. ಇದಕ್ಕೆ ಕರೆಂಟೇ ಬೇಕು. ನೀನೂ ನಿನ್ನ ಹೆಂಡತಿಯೂ ಹುಟ್ಟಿದಾಗಿನಿಂದ ಸಾಯೋವರೆಗೂ ತುಳಿದ್ರೂ ಒಂದು ಚಮಚ ಬರಲ್ಲ" ಎಂದ. ಅವನು ಹೇಳಿದ್ದು ನಿಜವೇ. ಆದರೆ ನಿಜವನ್ನು ಹಲ್ಲು ಕಿಸಿದು ಹೇಳಿದರೆ ಯಾರಿಗೆ ತಾನೇ ರುಚಿಸುತ್ತದೆ.

ಗಾಯಕ್ಕೆ ಉಪ್ಪು ಬಿದ್ದದ್ದು ಲೋಹರ್ದಗಾ ಪೇಟೆಯಲ್ಲಿ. ಕೊಡಲಿ ಮಾರಲು ಹೋಗಿದ್ದ ಚೈತು, ರೈಲು ಹಳಿ ಬೆಸೆಯುವವರ ಗುಂಪಿನ ಹತ್ತಿರ ನಿಂತು ನೋಡಿದ. ಒಂದು ಬೋಗುಣಿಯಲ್ಲಿ ತುಕ್ಕಿನಂಥ ಪುಡಿ, ಅದರ ಜೊತೆ ಅದೇ ಬಿಳಿ ಲೋಹದ ಪುಡಿ. ಸುರುಸುರು ಬತ್ತಿಯಂಥ ಕಡ್ಡಿ ಹೊತ್ತಿಸಿ ಒಳಗೆ ಚುಚ್ಚಿದರು. ಕಣ್ಣು ಕುಕ್ಕುವ ಬೆಳಕು. ತಂಬಾಕು ಉಗಿದು ಬರುವಷ್ಟರಲ್ಲಿ ಬೋಗುಣಿಯ ಬುಡದಿಂದ ಕಬ್ಬಿಣ ನೀರಾಗಿ ಸುರಿಯಿತು. ತಿದಿಯಿಲ್ಲ, ಇದ್ದಿಲಿಲ್ಲ, ಹೆಂಗಸಿಲ್ಲ. ಮನೆಗೆ ಬಂದವನು ರಾಗಿ ಗಂಜಿಯನ್ನು ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ.

ಕೊನೆಗೆ ಹೇಳಿದ. "ಕಬ್ಬಿಣದ ಕೈಯಿಂದ ಉಸಿರು ಕಿತ್ಕೊಳ್ಳೋದು ಆ ಬಿಳಿ ಲೋಹಕ್ಕೆ ಆಟ ಕಣೇ. ನಾವು ಹಗಲಿಡೀ ಮಾಡೋದನ್ನ ಅದು ಕ್ಷಣದಲ್ಲಿ ಮಾಡ್ತದೆ."

"ಹಾಗಾದ್ರೆ ಅದು ಇದ್ದಿಲಿಗಿಂತ ಬಲವಾದ್ದು ಅಂತಾಯ್ತಲ್ಲ. ಅದು ತಬ್ಕೊಂಡಿದ್ದನ್ನ ಇದ್ದಿಲು ಹೇಗೆ ಬಿಡಿಸ್ತದೆ?"

"ಜಾಸ್ತಿ ತುಳಿದ್ರೆ ಬಿಡಿಸ್ತದೆ. ಆ ಗುಲಾಬಿ ಕಲ್ಲನ್ನ ನಮ್ಮ ಕುಲುಮೇಲೇ ಕರಗಿಸ್ತೀನಿ."

ರೋಪ್ನಿಗೆ ಬಂಗಾರಕ್ಕೆ ಹೋದವರೂ ಹೀಗೇ ಮಾತಾಡಿರಬೇಕು ಎನಿಸಿತು. ಸಾಂಝೋ ತೀರಿಕೊಂಡಾಗಿತ್ತು. ಇದ್ದಿದ್ದರೆ ಪೊರಕೆ ಹಿಡಿದು ಮಗನ ಹುಚ್ಚು ಬಿಡಿಸುತ್ತಿದ್ದಳು. ರೋಪ್ನಿ ಜಗಳವಾಡಿದಳು, ಅತ್ತಳು, ತವರಿಗೆ ಹೋಗುತ್ತೇನೆ ಎಂದಳು. ಚೈತು ಗುಲಾಬಿ ಕಲ್ಲನ್ನು ಕುಟ್ಟುತ್ತಲೇ ಇದ್ದ. ತಾನು ಹೋದರೆ ಬೇರೆ ಯಾರನ್ನಾದರೂ ಕರೆದು ತುಳಿಸುತ್ತಾನೆ, ಅವರು ಕಟ್ಟಳೆ ಪಾಲಿಸುತ್ತಾರೋ ಇಲ್ಲವೋ. ಆ ಒಂದು ಯೋಚನೆಗೆ ಅವಳು ಉಳಿದಳು.

ಕುಲುಮೆ ಹಚ್ಚುವ ಮುಂಚೆ ಇಕ್ಕಳಕ್ಕೂ ಸುತ್ತಿಗೆಗೂ ಪೂಜೆ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಒಂದು ಹಿಡಿ ಅಕ್ಕಿ ಹಾಕಿ ಕೋಳಿಮರಿ ಬಿಡುತ್ತಾರೆ. ಮರಿ ಕಾಳು ಹೆಕ್ಕಿದರೆ ಒಪ್ಪಿಗೆ. ಅವತ್ತು ಮರಿ ಹೆಕ್ಕಲಿಲ್ಲ. ಹಸಿದ ಮರಿ, ಅಕ್ಕಿಯ ಮುಂದೆ ನಿಂತು ಕುಲುಮೆಯ ಬಾಯಿಯನ್ನೇ ನೋಡುತ್ತಿತ್ತು. ಚೈತು ಅದರ ಕೊಕ್ಕನ್ನು ತಾನೇ ಅಕ್ಕಿಗೆ ಒತ್ತಿದ. "ತಿಂತು, ನೋಡಿದೆಯಲ್ಲ" ಎಂದ. ರೋಪ್ನಿ ನೋಡಿದ್ದಳು.

ಬೆಳಗಿನಿಂದ ತುಳಿದಳು. ಕುಲುಮೆ ಎಂದೂ ಕಾಣದಷ್ಟು ಕೆಂಪಾಗಿ, ಆಮೇಲೆ ಬೆಳ್ಳಗಾಯಿತು. ಇದ್ದಿಲು ಬುಟ್ಟಿ ಬುಟ್ಟಿಯಾಗಿ ಒಳಗೆ ಹೋಯಿತು. ಕಿಟ್ಟ ಹರಿಯಲಿಲ್ಲ. ಮಧ್ಯಾಹ್ನವಾದರೂ ತಿದಿ ಭಾರವಾಗಲಿಲ್ಲ. ಬದಲಿಗೆ ಹಗುರವಾಗುತ್ತಾ ಬಂತು. ಗಾಳಿ ಯಾವ ತಡೆಯೂ ಇಲ್ಲದೆ ಹೋಗುತ್ತಲೇ ಇತ್ತು, ಒಳಗೆ ಎದೆಮಟ್ಟದ ಗೂಡಲ್ಲ, ಒಂದು ಊರಿನಷ್ಟು ಬಯಲು ಇದೆ ಎನ್ನುವಂತೆ. ಅವಳ ಪಾದಗಳಿಗೆ ಅದು ಮೊದಲು ಗೊತ್ತಾಯಿತು.

"ಇದ್ದೀಯಾ?"

"ಸಂತೇಲಿದೀನಿ" ಎಂದ ಚೈತು. ಅವಳಿಗೆ ಜೀವ ಬಂತು.

ಬಿಸಿಲು ಇಳಿಯುತ್ತಾ ಬಂತು. ಸುತ್ತಲಿನ ಸಾಲ್ ಮರಗಳಲ್ಲಿ ಒಂದು ಹಕ್ಕಿಯೂ ಉಲಿಯಲಿಲ್ಲ. ಮತ್ತೆ ಕೇಳಿದಳು. "ಇದ್ದೀಯಾ?"

"ಇದ್ದೀನಿ. ತುಳಿ."

ಕೀಟಲೆಯಿಲ್ಲ. ದಣಿದಿದ್ದಾನೆ ಎಂದುಕೊಂಡಳು. ಹಾಗೆಂದು ತನಗೆ ತಾನೇ ಹೇಳಿಕೊಂಡು ಇನ್ನಷ್ಟು ಹೊತ್ತು ತುಳಿದಳು. ತಟ್ಟಿಯ ಆಚೆ ಕೆಮ್ಮಿಲ್ಲ, ಇದ್ದಿಲು ಸರಿಸುವ ಸದ್ದಿಲ್ಲ. ಮೂಗಿಗೆ ಕೂದಲು ಸುಟ್ಟ ವಾಸನೆ ಬಡಿಯಿತು.

"ಏಯ್, ಇದ್ದೀಯಾ?"

ಉತ್ತರ ಬಂತು. ತಟ್ಟಿಯ ಆಚೆಯಿಂದಲ್ಲ. ತಿದಿಯಿಂದ ಕುಲುಮೆಗೆ ಗಾಳಿ ಒಯ್ಯುವ ಮಣ್ಣಿನ ಕೊಳವೆಯಿಂದ, ಗಾಳಿಗೆ ಎದುರಾಗಿ, ಅವಳ ಅಂಗಾಲಿನ ಕೆಳಗೆ ಬಂತು. ಕಿವಿಗಿಂತ ಮೊದಲು ತೊಗಲಿಗೆ ಕೇಳಿಸಿತು. ಚೈತುವಿನ ದನಿಯೇ.

"ತುಳಿ, ರೋಪ್ನಿ. ಬಿಡ್ಬೇಡ. ಇಲ್ಲಿ ಬೇಕಾದಷ್ಟಿದೆ."

ರೋಪ್ನಿ ಕಾಲು ನಿಲ್ಲಿಸಿದಳು.

ತಿದಿಯ ಚರ್ಮ ಒಮ್ಮೆ ಉಬ್ಬಿ ಕುಸಿಯಿತು. ಗುಡ್ಡದಲ್ಲಿ ಆಗ ಬಿದ್ದ ಮೌನವನ್ನು ಅವಳು ಸಾಯುವವರೆಗೂ ಮರೆಯಲಿಲ್ಲ. ಇಳಿದು ಆಚೆ ಹೋಗಿ ನೋಡಬೇಕು. ಕಾಲು ಬರಲಿಲ್ಲ. ಗೂಟ ತಬ್ಬಿಕೊಂಡು ನಿಂತಳು. ಮೆಲುಕು ಹಾಕುವ ಹಸುವಿನಂತೆ ಯಾರೋ ನಿಧಾನ ಉಸಿರಾಡುವುದು ಕೇಳಿಸಿತು. ಆಮೇಲೆ ತಟ್ಟಿಯ ಪಕ್ಕದಿಂದ ಚೈತು ಬಂದ. ಮುಂಗೂದಲು ಇರಲಿಲ್ಲ, ಹುಬ್ಬು ಇರಲಿಲ್ಲ, ಮೈಮೇಲೆ ಬೂದಿ. ಅವಳನ್ನು ಗುರುತು ಸಿಗದವನ ಹಾಗೆ ನೋಡಿದ. ಗುರುತು ಸಿಕ್ಕಮೇಲೆ ಅರಚಿದ.

"ಯಾಕೆ ನಿಲ್ಲಿಸ್ದೆ? ಬರ್ತಿತ್ತು. ಇನ್ನೊಂದು ಗಳಿಗೆ ತುಳಿದಿದ್ರೆ ಬರ್ತಿತ್ತು."

ಕುಲುಮೆ ಒಡೆದರು. ಸುರಿದ ಕಲ್ಲು ಸುರಿದ ಹಾಗೇ ಇತ್ತು, ಬಣ್ಣ ಬಿಟ್ಟು ಬಿಗಿದುಕೊಂಡಿತ್ತು ಅಷ್ಟೆ. ಸಾಸಿವೆ ಕಾಳಿನಷ್ಟೂ ಬಿಳಿ ಲೋಹ ಇರಲಿಲ್ಲ.

ಅವತ್ತಿನಿಂದ ಚೈತು ಸಿಕ್ಕಸಿಕ್ಕವರ ಮುಂದೆ ಅದನ್ನೇ ಹೇಳಿದ. ಮದುವೆಮನೆಯಲ್ಲಿ, ಸಂತೆಯಲ್ಲಿ, ಗುಡ್ಡದ ದಾರಿಯಲ್ಲಿ ಗಂಟಲು ಹರಿಯುವಂತೆ ಹೇಳಿದ. "ಇವಳು ಕಾಲು ನಿಲ್ಲಿಸಿ ನನ್ನ ಬಾಳು ಹಾಳು ಮಾಡಿದ್ಲು. ಇಂಥ ಕೆಟ್ಟ ಹೆಂಡತಿ ಊರಲ್ಲಿ ಇನ್ನೊಬ್ಬಳಿಲ್ಲ." ಒರತೆಯ ಹತ್ತಿರ ಹೆಂಗಸರು ಮುಸಿಮುಸಿ ನಗುತ್ತಿದ್ದರು. "ಏನಮ್ಮ ರೋಪ್ನಿ, ಕೊಡ ಹೊತ್ಕೊಂಡು ಮನೆವರೆಗೆ ನಡೀತೀಯೋ, ಅರ್ಧ ದಾರೀಲೇ ನಿಲ್ಲಿಸ್ತೀಯೋ?" ರೋಪ್ನಿ ಬಾಯಿ ಬಿಡಲಿಲ್ಲ. ಕೊಳವೆಯಿಂದ ಕೇಳಿಸಿದ್ದನ್ನು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಅವಳಿಗೆ ಹೆದರಿಕೆ.

ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯದು. ತಟ್ಟಿಯ ಪಕ್ಕದಿಂದ ಬಂದವನು ಯಾರು? ತನ್ನ ಗಂಡ ಕೊಳವೆಯ ಆಚೆ ಇದ್ದಿದ್ದರೆ, ಬೂದಿ ಮೆತ್ತಿಕೊಂಡು ಈಚೆ ಬಂದು ಅರಚಿದವನು ಯಾರು? ಬೆಂಕಿಯಿಂದ ಕೆಂಡ ಎತ್ತಿ ಬೀಡಿ ಹಚ್ಚುವುದು ಚೈತುವಿಗೆ ಮೊದಲಿನಿಂದಲೂ ಅಭ್ಯಾಸ, ಆದರೆ ಎತ್ತುವಾಗ ಬಾಯಲ್ಲಿ ಸ್ಸ್ ಎನ್ನುತ್ತಿದ್ದ. ಈಗ ಎನ್ನುವುದಿಲ್ಲ. ಹೆಸರು ಹಿಡಿದು ಕರೆದರೆ ಒಂದು ಕ್ಷಣ ತಡವಾಗಿ ತಿರುಗುತ್ತಾನೆ. ಕೀಟಲೆ ಮಾತು ಪೂರ್ತಿ ನಿಂತುಹೋಗಿತ್ತು. ಬೇಸಿಗೆಯಲ್ಲೂ ಅವನ ಬೆನ್ನು ತಣ್ಣಗಿರುತ್ತಿತ್ತು. ಆಮೇಲೆ ಹುಟ್ಟಿದ ಮಗಳ ನೆತ್ತಿಯನ್ನು ರೋಪ್ನಿ ಸೂಲಗಿತ್ತಿಯ ಎದುರಿಗೇ ಮೂಸಿ ನೋಡಿದಳು. ಹೊಗೆಯಿಲ್ಲ, ಹಾಲಿನ ವಾಸನೆ. ಅವತ್ತು ಗಳಗಳ ಅತ್ತುಬಿಟ್ಟಳು. ಬಾಣಂತಿ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು.

ಕಾರ್ಖಾನೆಯ ಕಬ್ಬಿಣ ಸಂತೆಗೆ ಅಗ್ಗವಾಗಿ ಬಂತು. ಊರಿನ ಕುಲುಮೆಗಳು ಒಂದೊಂದಾಗಿ ಆರಿದವು. ತಿದಿಯ ಚರ್ಮವನ್ನು ಇಲಿ ತಿಂದವು. ಗಂಡಸರು ಗಣಿಯಲ್ಲಿ ಗುಲಾಬಿ ಕಲ್ಲು ಒಡೆಯಲು ಹೋದರು, ಚೈತುವೂ ಹೋದ. ಮಗಳ ಮದುವೆಯಾಯಿತು. ಮನೆಯಲ್ಲಿ ಇಬ್ಬರೇ ಉಳಿದರು. ಗಂಡ ಬೈಯುತ್ತಿದ್ದ, ಹೆಂಡತಿ ಗಂಜಿ ಬಡಿಸುತ್ತಿದ್ದಳು. ಯಾರಿಗೆ ಬಡಿಸುತ್ತಿದ್ದೇನೆ ಎಂಬ ಪ್ರಶ್ನೆಯ ಜೊತೆಯಲ್ಲೇ ಅವಳು ಮುದುಕಿಯಾದಳು. ಇಂಥ ಬಾಳನ್ನು ಬಾಳಿದವಳಿಗೆ ಧೈರ್ಯವಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಏನು ಹೇಳಬೇಕೋ ತಿಳಿಯದು.

ಗಣಿಯ ದೂಳು ಎದೆಗೆ ಕೂತು ಚೈತು ಹಾಸಿಗೆ ಹಿಡಿದ. ಒಂದು ಮಾಘದ ಬೆಳಿಗ್ಗೆ ಬಿಸಿಲು ಕಾಯಲೆಂದು ರೋಪ್ನಿ ಅವನನ್ನು ಅಂಗಳದಲ್ಲಿ ಮಲಗಿಸಿದ್ದಳು. ಕೈ ಹಿಡಿದು ನೋಡಿದರೆ ನಾಡಿ ಎಲ್ಲೋ ದೂರದಲ್ಲಿ ಬಡಿಯುತ್ತಿತ್ತು. ಈಗ ಕೇಳದಿದ್ದರೆ ಇನ್ನಿಲ್ಲ ಎಂದು ಅವಳಿಗೆ ತಿಳಿಯಿತು.

"ಒಂದು ಕೇಳ್ತೀನಿ. ಸಿಟ್ಟು ಮಾಡ್ಬೇಡ. ನೀನು ಯಾರು?"

ಅವನು ನಗಲಿಲ್ಲ, ಬೈಯಲೂ ಇಲ್ಲ. "ಹಾಗಾದ್ರೆ ನಿನಗೆ ಅವತ್ತೇ ಗೊತ್ತಾಗಿತ್ತು" ಎಂದ.

"ಕೊಳವೇಲಿ ಕೇಳಿಸ್ತು."

"ಒಳಗೆ ಹೋಗಿದ್ದೆ, ರೋಪ್ನಿ."

"ಆ ಬಾಯಲ್ಲಿ ನಾಯೀನೂ ಹೋಗಲ್ಲ."

"ಬಾಯಿ ಸಣ್ಣದು. ಒಳಗೆ ಸಣ್ಣದಲ್ಲ." ಅವನು ಉಸಿರು ಹಿಡಿಯಲು ನಿಂತ. "ಯಾರೋ ಹೆಸರು ಹಿಡಿದು ಕರೆದ್ರು. ಬಗ್ಗಿ ನೋಡ್ದೆ. ನೋಡೋಷ್ಟರಲ್ಲಿ ಒಳಗಿದ್ದೆ. ಎಲ್ರೂ ಇದ್ರು ಅಲ್ಲಿ. ನಮ್ಮೋರೇ, ಹಿಂದಿನೋರು. ಬಂಗಾರ ಯಾರಿಗೂ ಬೇಕಾಗಿರ್ಲಿಲ್ಲ. ಸುಮ್ನೆ ಕಿವಿಗೊಟ್ಕೊಂಡು ಕೂತಿದ್ರು."

"ಏನಕ್ಕೆ?"

"ತಿದಿ ಸದ್ದು ನಿಲ್ಲಲಿ ಅಂತ. ಅವರಿಗೆ ಅದು ಇನ್ನೂ ನಿಂತಿಲ್ಲ. ನಾನೂ ಅವರ ಜೊತೆ ಕೂತೆ. ನಿನಗೆ ತುಳಿ ಅಂದಿದ್ದು ನನ್ನ ಬಾಯೇ, ಹೇಳಿಸಿದ್ದು ಯಾರೋ ಗೊತ್ತಿಲ್ಲ. ಆಮೇಲೆ ನೀನು ನಿಲ್ಲಿಸ್ದೆ. ಒಳಗಿದ್ದೋರೆಲ್ಲ ತಿರುಗಿ ನನ್ನ ನೋಡಿದ್ರು. ಯಾರ ಹೆಂಡತಿ ಅದು ಅಂತ ಕೇಳಿದ್ರು."

"ನೀನು ಏನಂದೆ?"

"ನನ್ನೋಳು ಅಂದೆ. ದಾರಿ ಬಿಟ್ರು."

ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ನುಂಗಿದ್ದೆಲ್ಲ ಬಾಯಿಗೆ ಬಂತು. "ಮತ್ತೆ ಯಾಕೋ ಪಾಪಿ ಊರೆಲ್ಲ ಬೈಕೊಂಡು ತಿರುಗ್ದೆ? ಒರತೆ ಹತ್ರ ತಲೆ ಎತ್ತೋ ಹಾಗಿರ್ಲಿಲ್ಲ ನಾನು."

ಚೈತು ಕಣ್ಣು ಹೊರಳಿಸಿ ಗುಡ್ಡದ ಕಡೆ ತೋರಿಸಿದ. ದನಿ ತೀರ ತಗ್ಗಿಸಿದ. "ಅವರ ಹೆಂಗಸರು ಅಲ್ಲೇ ಅಲೀತಿದಾರಲ್ಲ. ಅವರು ಯಾರೂ ಕಾಲು ನಿಲ್ಲಿಸ್ಲಿಲ್ಲ. ನಿಲ್ಲಿಸಿ ಗಂಡನ್ನ ಉಳಿಸ್ಕೊಂಡೋಳು ಒಬ್ಬಳಿದಾಳೆ ಅಂತ ಗೊತ್ತಾದ್ರೆ ನಿನ್ನ ಬಿಡ್ತಿದ್ರಾ? ನೀನು ಕೆಟ್ಟೋಳು, ನನ್ನ ಬಾಳು ಕೆಡಿಸಿದೋಳು ಅಂತ ಅವರಿಗೆ ಕೇಳಿಸ್ತಾ ಇರ್ಬೇಕಿತ್ತು."

ರೋಪ್ನಿ ಕಣ್ಣು ಒರೆಸಿಕೊಳ್ಳಲಿಲ್ಲ. ಅಗಲವಾದ ಆ ಪಾದಗಳನ್ನು ಊರಿ ಮೆಲ್ಲಗೆ ಎದ್ದು ಅಂಗಳದ ಅಂಚಿಗೆ ಹೋದಳು. ಗುಡ್ಡದ ಕಡೆಗೆ ಮುಖ ಮಾಡಿ, ಊರಿಗೆ ಊರೇ ಹೊರಗೆ ಬಂದು ನೋಡುವಷ್ಟು ಜೋರಾಗಿ ಕೂಗಿದಳು.

"ನನ್ನಂಥ ಹೆಂಡತಿ ಯಾರಿಗೂ ಸಿಗ್ಬಾರ್ದು. ನನ್ನ ಕಟ್ಕೊಂಡು ಇವನು ಒಂದು ದಿನಾನೂ ಸುಖ ಕಾಣ್ಲಿಲ್ಲ."

ಹಿಂದಿನಿಂದ ಚೈತು ನಕ್ಕಿದ್ದು ಕೇಳಿಸಿತು, ಎಷ್ಟೋ ವರ್ಷಗಳ ಮೇಲೆ. ಅವಳು ಇನ್ನೂ ಒಂದಷ್ಟು ಹೊತ್ತು ಗುಡ್ಡಕ್ಕೆ ಕೇಳುವ ಹಾಗೆ ತನ್ನನ್ನು ತಾನೇ ಬೈದುಕೊಂಡಳು. ತಿರುಗಿ ಬಂದು ಹಣೆ ಮುಟ್ಟಿದಾಗ ಅವನು ಹೋಗಿದ್ದ. ಬಿಸಿಲಿಗೆ ಅವನ ಮೈ ಬೆಚ್ಚಗಿತ್ತು.